ಹಳೆಯ ಲಾರಿಯ ಕೂಲೆಂಟ್ ಸೋರಿಕೆ: ಹುಡುಕುವ ಕ್ರಮ, ಸರಿಪಡಿಸುವ ಬಗೆ

ಮಂಗಳೂರಿನಲ್ಲಿ ಸರಕು ತುಂಬಿಕೊಂಡು ಬೆಂಗಳೂರಿಗೆ ಹೊರಟ ಲಾರಿ ಗುಂಡ್ಯ ದಾಟಿದರೆ ಶಿರಾಡಿ ಘಾಟಿಯ ಏರು ಹತ್ತಬೇಕು. ಸೆಕೆಂಡ್ ಗೇರಿನಲ್ಲಿ ಎಂಜಿನ್ ಪೂರ್ತಿ ಬಲ ಹಾಕಿ ದುಡಿಯುತ್ತದೆ. ವೇಗ ಇಲ್ಲದ ಕಾರಣ ರೇಡಿಯೇಟರಿಗೆ ಎದುರುಗಾಳಿ ಸಿಗುವುದಿಲ್ಲ. ಬಯಲುಸೀಮೆಯ ನೇರ ರಸ್ತೆಯಲ್ಲಿ ತಿಂಗಳುಗಟ್ಟಲೆ ಮರೆಯಲ್ಲಿದ್ದ ಸಣ್ಣ ಸೋರಿಕೆ ಇಲ್ಲಿ ಬಯಲಾಗುತ್ತದೆ. ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿದಾಗ ಲಾರಿ ನಿಲ್ಲಿಸಿ ನೀರು ಸುರಿದು ಮುಂದೆ ಸಾಗುವವರೇ ಹೆಚ್ಚು. ಆದರೆ ನೀರು ಸುರಿಯುವುದು ರಿಪೇರಿಯಲ್ಲ. ಎಲ್ಲಿ ಸೋರುತ್ತಿದೆ ಎಂದು ಖಚಿತವಾಗಿ ಕಂಡುಹಿಡಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಹನಿ ಸೋರಿದರೂ ಏಕೆ ಅಪಾಯ?

ಡೀಸೆಲ್ ಉರಿದು ಹುಟ್ಟುವ ಶಕ್ತಿಯಲ್ಲಿ ಲಾರಿ ಓಡಿಸಲು ದಕ್ಕುವುದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಉಳಿದ ಶಾಖದಲ್ಲಿ ಒಂದಷ್ಟು ಹೊಗೆಯ ಜೊತೆ ಹೋಗುತ್ತದೆ, ಇನ್ನೊಂದು ದೊಡ್ಡ ಪಾಲನ್ನು ಕೂಲೆಂಟ್ ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ನೀರು ಮತ್ತು ಎಥಿಲೀನ್ ಗ್ಲೈಕಾಲ್ ಸಮಪಾಲಾಗಿ ಬೆರೆತ ಕೂಲೆಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಪ್ರೆಷರ್ ಕುಕ್ಕರಿನಂತೆ ರೇಡಿಯೇಟರ್ ಕ್ಯಾಪ್ ಒತ್ತಡ ಹಿಡಿದಿಟ್ಟಾಗ ಕುದಿಯುವ ಹಂತ ಮೇಲೇರುತ್ತದೆ. 1 ಬಾರ್ ಒತ್ತಡಕ್ಕೆ ಸುಮಾರು 20 ಡಿಗ್ರಿಯಷ್ಟು. ಎಲ್ಲಾದರೂ ಸೋರಿದರೆ ಮೊದಲು ಹೋಗುವುದು ಈ ಒತ್ತಡ. ಆಗ ಕೂಲೆಂಟ್ ಬೇಗ ಕುದಿಯುತ್ತದೆ, ಆವಿ ತುಂಬಿದ ಕಡೆ ಲೋಹ ತಣಿಯುವುದಿಲ್ಲ, ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ. ನೂರಿನ್ನೂರು ರೂಪಾಯಿಯ ಪೈಪಿನ ತೊಂದರೆ ಎಂಜಿನ್ ಬಿಚ್ಚುವ ಖರ್ಚಿಗೆ ಬಂದು ನಿಲ್ಲುವುದು ಹೀಗೆ.

ಹೊರಗಿನ ಸೋರಿಕೆ ಹುಡುಕುವುದು

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕೆಲಸ ಶುರುಮಾಡಬೇಕು. ಬಿಸಿ ಇರುವಾಗ ಕ್ಯಾಪ್ ತಿರುಗಿಸಿದರೆ ಕುದಿಯುವ ದ್ರವ ಮುಖಕ್ಕೇ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಅಥವಾ ಬ್ಲಾಕ್ ಬಿರುಕು ಬಿಡಬಹುದು.

ಹಳೆಯ ಲಾರಿಯ ಎಂಜಿನ್ನಿನ ಮೇಲೆ ಧೂಳು, ಎಣ್ಣೆ ಜಿಡ್ಡು ಹಿಡಿದಿರುತ್ತದೆ. ಮೊದಲು ತೊಳೆದು ಒಣಗಿಸಿ. ರಾತ್ರಿ ಎಂಜಿನ್ ಕೆಳಗೆ ರಟ್ಟು ಹಾಸಿಟ್ಟರೆ ಹನಿ ಬಿದ್ದ ಜಾಗ ಬೆಳಿಗ್ಗೆ ತಿಳಿಯುತ್ತದೆ. ಆದರೆ ಹನಿ ಬಿದ್ದ ಕಡೆಯೇ ಸೋರಿಕೆ ಇದೆ ಎಂದುಕೊಳ್ಳಬೇಡಿ. ದ್ರವ ಲೋಹದ ಮೇಲೆ ಹರಿದು ದೂರದಲ್ಲಿ ತೊಟ್ಟಿಕ್ಕಬಹುದು. ಒದ್ದೆಯ ಜಾಡು ಹಿಡಿದು ಮೇಲಕ್ಕೆ ಹೋಗಬೇಕು. ಒಣಗಿದ ಬಿಳಿ, ಹಸಿರು ಅಥವಾ ಗುಲಾಬಿ ಬಣ್ಣದ ಕರೆ ಒಳ್ಳೆಯ ಸುಳಿವು.

ಕಣ್ಣಿಗೆ ಬೀಳದಿದ್ದರೆ ಪ್ರೆಷರ್ ಟೆಸ್ಟರ್ ಬೇಕು. ಕೈಪಂಪಿನ ಈ ಸಾಧನವನ್ನು ರೇಡಿಯೇಟರ್ ಬಾಯಿಗೆ ಕೂರಿಸಿ, ಕ್ಯಾಪ್ ಮೇಲೆ ಅಚ್ಚಾಗಿರುವ ಒತ್ತಡದಷ್ಟೇ ಗಾಳಿ ತುಂಬಿ, ಕಾಲು ಗಂಟೆ ಕಾಯಬೇಕು. ಮುಳ್ಳು ಇಳಿದರೆ ಸೋರಿಕೆ ಖಚಿತ. ಆಗ ಸಾಲಾಗಿ ನೋಡಬೇಕಾದವು: ಹೋಸ್ ಪೈಪುಗಳ ತುದಿ ಮತ್ತು ಕ್ಲಿಪ್ಪು, ರೇಡಿಯೇಟರಿನ ಕೊಳವೆ ಟ್ಯಾಂಕಿಗೆ ಸೇರುವ ಅಂಚು, ಬ್ಲಾಕಿನ ಬದಿಯ ಕೋರ್ ಪ್ಲಗ್ಗು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು. ಆ ತೂತು ಬೇಕೆಂದೇ ಇಟ್ಟದ್ದು. ಅಲ್ಲಿಂದ ದ್ರವ ಇಳಿಯುತ್ತಿದ್ದರೆ ಪಂಪಿನ ಒಳ ಸೀಲು ಸವೆದಿದೆ ಎಂದರ್ಥ. ಅದನ್ನು ಎಂದೂ ಮುಚ್ಚಬಾರದು. ಕ್ಯಾಪನ್ನೂ ಪರೀಕ್ಷಿಸಿ. ಅದರ ರಬ್ಬರ್ ಒಣಗಿದ್ದರೆ ಬೇರೆಲ್ಲ ಸರಿಯಿದ್ದರೂ ಒತ್ತಡ ನಿಲ್ಲುವುದಿಲ್ಲ.

ಒಳಗಿನ ಸೋರಿಕೆ

ನೆಲಕ್ಕೆ ಒಂದು ಹನಿಯೂ ಬೀಳದೆ ಕೂಲೆಂಟ್ ಇಳಿಯುತ್ತಿದ್ದರೆ ಅದು ಎಂಜಿನ್ ಒಳಗೇ ಹೋಗುತ್ತಿರಬಹುದು. ಡಿಪ್‌ಸ್ಟಿಕ್ಕಿನ ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದೆಯೇ, ಎಂಜಿನ್ ಕಾದ ಮೇಲೂ ಸಿಹಿವಾಸನೆಯ ಬಿಳಿ ಹೊಗೆ ಬರುತ್ತಿದೆಯೇ ನೋಡಿ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಸಿಲಿಂಡರ್ ಲೈನರಿಗೆ ಕೂಲೆಂಟ್ ನೇರವಾಗಿ ತಾಗುವ ವೆಟ್ ಲೈನರ್ ಎಂಜಿನ್ನಾದರೆ ಲೈನರಿನ ಕೆಳಗಿನ ರಬ್ಬರ್ ರಿಂಗ್ ಸವೆದು ಕೂಲೆಂಟ್ ಆಯಿಲ್ ಚೇಂಬರಿಗೆ ಇಳಿಯುತ್ತಿರಬಹುದು. ಇಂಥ ಎಣ್ಣೆಯಲ್ಲಿ ಲಾರಿ ಓಡಿಸಿದರೆ ಬೇರಿಂಗುಗಳು ಬೇಗ ಕೆಡುತ್ತವೆ.

ಲಾರಿಗೆ ಇನ್ನೊಂದು ವಿಶೇಷವಿದೆ. ಏರ್ ಬ್ರೇಕಿನ ಕಂಪ್ರೆಸರ್ ಹಲವು ಲಾರಿಗಳಲ್ಲಿ ಇದೇ ಕೂಲೆಂಟಿನಿಂದ ತಣಿಯುತ್ತದೆ. ಅದರ ಗ್ಯಾಸ್ಕೆಟ್ ಹೋದರೂ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆ. ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಎಂಜಿನ್ ಚಾಲೂ ಮಾಡಿ ಗಮನಿಸಿ: ಏರ್ ಟ್ಯಾಂಕ್ ತುಂಬಿ ಕಂಪ್ರೆಸರ್ ಗಾಳಿ ತುಂಬುವುದನ್ನು ನಿಲ್ಲಿಸಿದಾಗ ಗುಳ್ಳೆಯೂ ನಿಂತರೆ ತೊಂದರೆ ಅಲ್ಲಿರುವ ಸಂಭವ ಹೆಚ್ಚು. ಹೆಡ್ ಇಳಿಸುವ ಮುಂಚೆ ಈ ಪರೀಕ್ಷೆ ಮಾಡಲೇಬೇಕು.

ಸರಿಪಡಿಸುವುದು

ಹಿಂಡಿದರೆ ಮೆತ್ತಗೆ ಕುಸಿಯುವ ಅಥವಾ ಬಿರುಕು ಬಿಟ್ಟ ಹೋಸಿಗೆ ಟೇಪು ಸುತ್ತಬೇಡಿ, ಬದಲಿಸಿ. ತಾಮ್ರ, ಹಿತ್ತಾಳೆಯ ಹಳೆಯ ರೇಡಿಯೇಟರಿಗೆ ಬೆಸುಗೆ ಚೆನ್ನಾಗಿ ಹಿಡಿಯುತ್ತದೆ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಿನ ಟ್ಯಾಂಕ್ ಬಿರಿದರೆ ಬದಲಿಸುವುದೇ ಸರಿ. ಒಂದು ಕೋರ್ ಪ್ಲಗ್ ಒಳಗಿನಿಂದ ತುಕ್ಕು ತಿಂದಿದ್ದರೆ ಉಳಿದವನ್ನೂ ಬದಲಿಸಿ. ಹೆಡ್ ಗ್ಯಾಸ್ಕೆಟ್ ಹಾಕುವ ಮುಂಚೆ ಹೆಡ್ ಮಟ್ಟಸವಾಗಿದೆಯೇ ಅಳೆದು, ಬೋಲ್ಟುಗಳನ್ನು ತಯಾರಕರು ಹೇಳಿದ ಕ್ರಮದಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು.

ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದು ಚಾಲಕರ ಹಳೆಯ ಉಪಾಯ. ನಡುದಾರಿಯಲ್ಲಿ ಕೈಕೊಟ್ಟ ಲಾರಿಯನ್ನು ಹತ್ತಿರದ ಗ್ಯಾರೇಜಿಗೆ ಮುಟ್ಟಿಸಲು ಅದು ನೆರವಾಗಬಹುದು. ಹಾಗೇ ಬಿಟ್ಟರೆ ಸೋರುವ ಬಿರುಕಿನ ಜೊತೆ ಸಣ್ಣ ಕೊಳವೆಗಳೂ ಕಟ್ಟಿಕೊಳ್ಳುತ್ತವೆ. ಗ್ಯಾರೇಜು ಸೇರಿದೊಡನೆ ಪೂರ್ತಿ ತೊಳೆಸಬೇಕು.

ಕೊನೆಗೆ ತುಂಬುವಾಗ ಬೋರ್‌ವೆಲ್ ನೀರು ಬೇಡ. ಅದರ ಗಡಸು ಲವಣಗಳು ಒಳಗೋಡೆಗೆ ಅಂಟಿ ಶಾಖ ದಾಟದಂತೆ ತಡೆಯುತ್ತವೆ. ಡಿಸ್ಟಿಲ್ಡ್ ವಾಟರ್ ಬೆರೆಸಿದ ಸರಿಯಾದ ಕೂಲೆಂಟ್ ತುಂಬಿ, ಒಳಗೆ ಸಿಕ್ಕ ಗಾಳಿ ಹೊರಬಿಡಿ. ತೆಗೆದ ಹಳೆಯ ಕೂಲೆಂಟ್ ಸಿಹಿಯಾದರೂ ವಿಷ. ನಾಯಿ, ದನ ನೆಕ್ಕಿದರೆ ಸಾಯಬಹುದು. ಚರಂಡಿಗೆ ಚೆಲ್ಲದೆ ಡಬ್ಬಿಯಲ್ಲಿ ಮುಚ್ಚಿಟ್ಟು, ಹಳೆಯ ಎಂಜಿನ್ ಆಯಿಲ್ ಜೊತೆ ಬೆರೆಸದೆ, ಬೇರೆಯಾಗಿ ವಿಲೇವಾರಿ ಮಾಡಿ.

ಡೀಸೆಲಿನಂತೆ ಕೂಲೆಂಟ್ ದಿನವೂ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ದಾರಿಯಲ್ಲಿ ಸುತ್ತುವ ಅದರ ಮಟ್ಟ ಮತ್ತೆ ಮತ್ತೆ ಇಳಿದರೆ ಎಲ್ಲೋ ಹೋಗುತ್ತಿದೆ ಎಂದೇ ಅರ್ಥ. ಪ್ರತಿದಿನ ಹೊರಡುವ ಮುಂಚೆ ಮಟ್ಟ ನೋಡಿ. ಎರಡನೇ ಸಲ ತುಂಬಿಸಬೇಕಾಗಿ ಬಂದರೆ, ಘಾಟಿ ಹತ್ತುವ ಮುನ್ನ ಸೋರಿಕೆ ಹುಡುಕಿಸಿ.