ಬಿಸಿಲುಣ್ಣುವ ಹರಳಿಗೆ ತೇವದ ಭಯ

ನಾಗಪುರದ ಬಿಸಿಲನ್ನು ನಮ್ಮ ವಾಚಕರಿಗೆ ಬಣ್ಣಿಸಿ ಹೇಳಬೇಕಾದುದಿಲ್ಲ. ಮೇ ತಿಂಗಳಲ್ಲಿ ಉಷ್ಣಮಾನವು 45 ಡಿಗ್ರಿ ಮುಟ್ಟಿದ ದಿನ ಒಲೆಯ ಮುಂದೆ ನಿಂತು ದೋಸೆ ಹುಯ್ದವರು ಅದನ್ನು ಚೆನ್ನಾಗಿ ಬಲ್ಲರು. ಆ ಬಿಸಿಲನ್ನೇ ವಿದ್ಯುತ್ತನ್ನಾಗಿಸುವ ಫಲಕಗಳು ಈಗ ಮಾಳಿಗೆಗಳನ್ನು ಏರಿವೆ. ಅವು ಸಾಮಾನ್ಯವಾಗಿ ಸಿಲಿಕಾನಿನವು. ಇಪ್ಪತ್ತೈದು ವರ್ಷ ಬಾಳತಕ್ಕವು. ಇವಕ್ಕೆ ಪ್ರತಿಸ್ಪರ್ಧಿಯಾಗಿ ಹುಟ್ಟಿರುವುದೇ ಪೆರೋವ್‌ಸ್ಕೈಟ್ ಸೌರಕೋಶ.

ಪೆರೋವ್‌ಸ್ಕೈಟ್ ಎಂಬುದು 1839ರಲ್ಲಿ ಉರಾಲ್ ಪರ್ವತಗಳ ಒಂದು ಖನಿಜಕ್ಕೆ ಇಟ್ಟ ಹೆಸರು. ಅದೇ ಕಟ್ಟಿನ ಹರಳನ್ನು ಸೀಸ, ಅಯೋಡಿನ್ ಮತ್ತು ಒಂದು ಸಾವಯವ ಲವಣದಿಂದ ಕೃತಕವಾಗಿ ಬೆಳೆಸಬಹುದು. 2009ರಲ್ಲಿ ಜಪಾನಿನ ಮಿಯಾಸಾಕ ಮತ್ತು ಅವರ ಸಂಗಡಿಗರು ಇಂತಹ ಹರಳಿನಿಂದ ಕೋಶವನ್ನು ರಚಿಸಿದಾಗ, ಬಿದ್ದ ಬೆಳಕಿನಲ್ಲಿ ನೂರಕ್ಕೆ 3.8 ಪಾಲು ಮಾತ್ರ ವಿದ್ಯುತ್ತಾಯಿತು. ಇಂದು ಪ್ರಯೋಗಶಾಲೆಗಳಲ್ಲಿ ಅದು 26ನ್ನು ದಾಟಿದೆ. ಸಿಲಿಕಾನನ್ನು ಕರಗಿಸಲು 1,414 ಡಿಗ್ರಿಯ ಕುಲುಮೆ ಬೇಕು. ಇದನ್ನಾದರೋ ಶಾಯಿಯಂತೆ ಗಾಜಿಗೆ ಬಳಿದು, ಇಡ್ಲಿ ಬೇಯುವಷ್ಟು ಕಾವು ಕೊಟ್ಟರೆ ಬಹುಮಟ್ಟಿಗೆ ಸಾಕು!

ಆದರೆ ಇದರ ಶತ್ರು ನೀರು. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲಾದರೆ ಕರಿದ ಹಪ್ಪಳವು ಏನಾಗುವುದೆಂಬುದು ಅಡಿಗೆಯವರಿಗೆ ಗೊತ್ತು. ಹರಳಿನ ಪಾಡೂ ಅದೇ. ಗಾಳಿಯ ತೇವವು ಒಳನುಗ್ಗಿ ಸಾವಯವ ಲವಣವನ್ನು ಸಡಿಲಿಸುತ್ತದೆ. ಮೊದಮೊದಲು ಒಣಗಿಸಿದರೆ ಹರಳು ಚೇತರಿಸಿಕೊಳ್ಳುವುದುಂಟು. ತೇವ ಮುಂದುವರಿದರೆ ಕಪ್ಪು ಪೊರೆ ಒಡೆದು ಹಳದಿಯ ಸೀಸದ ಅಯೋಡೈಡ್ ಉಳಿಯುತ್ತದೆ. ಅನಂತರ ವಿದ್ಯುತ್ತಿನ ಆಸೆಯಿಲ್ಲ. ಅಷ್ಟೇ ಅಲ್ಲ, ಫಲಕವು ಒಡೆದಿದ್ದರೆ ಸೀಸವು ಮಳೆನೀರಿನೊಡನೆ ಹರಿದೀತೆಂಬ ಶಂಕೆಯೂ ಇದೆ. ಮಾಳಿಗೆಯ ನೀರನ್ನು ತೊಟ್ಟಿಗೆ ಇಳಿಸಿಕೊಳ್ಳುವ ಮನೆಯವರು ಇದನ್ನು ಹಗುರವಾಗಿ ಕಾಣಲಾಗದು.

ಆದುದರಿಂದ ವಿಜ್ಞಾನಿಗಳು ಹರಳಿನ ಮೇಲೆ ನೀರನ್ನು ಒಲ್ಲದ ಉದ್ದನೆಯ ಅಣುಗಳ ತೆಳುಪದರವನ್ನು ಹೊದಿಸುತ್ತಾರೆ. ಬಳಿಕ ಕೋಶವನ್ನು ಎರಡು ಗಾಜುಗಳ ನಡುವೆ ಇಟ್ಟು, ಅಂಚನ್ನು ಬ್ಯೂಟೈಲ್ ರಬ್ಬರಿನಿಂದ ಬಿಗಿಯುತ್ತಾರೆ. ಗಾಜಿನ ಮೂಲಕ ತೇವ ಬಾರದು; ಅದು ಕಾದು ಕುಳಿತಿರುವುದು ಅಂಚಿನಲ್ಲಿ. 85 ಡಿಗ್ರಿ ಕಾವು, ನೂರಕ್ಕೆ 85ರ ಆರ್ದ್ರತೆಯಲ್ಲಿ 1,000 ಗಂಟೆ ಇಟ್ಟು ನೋಡುವುದು ಇದಕ್ಕೆ ಪ್ರಸಿದ್ಧ ಪರೀಕ್ಷೆ. ಸಾವಿರ ಗಂಟೆಯೆಂದರೆ ಆರೇ ವಾರ! ನಮ್ಮ ಊರಿನಲ್ಲಿ ಫಲಕವು ಬೇಸಗೆಯ ಹಗಲು ಹಿಗ್ಗಿ ಇರುಳು ಕುಗ್ಗುತ್ತದೆ. ಹೀಗೆ ದಣಿದ ಅಂಚಿನ ಮೇಲೆಯೇ ಜೂನ್ ಮಳೆ ಸುರಿಯುತ್ತದೆ.

ಕೂಡಿಟ್ಟ ಸಂಬಳವನ್ನು ಸೌರಫಲಕಕ್ಕೆ ಹಾಕಹೊರಟವರು ಸದ್ಯಕ್ಕೆ ಸಿಲಿಕಾನನ್ನು ನೆಚ್ಚುವುದೇ ಲೇಸು. ಯಾರಾದರೂ ಹೊಸ ಹರಳಿನ ಹೆಸರೆತ್ತಿದರೆ, ಎಷ್ಟು ವಿದ್ಯುತ್ತೆಂದು ಕೇಳುವ ಮುನ್ನ ಅಂಚನ್ನು ಯಾವುದರಿಂದ ಬಿಗಿದಿದ್ದಾರೆ, ಎಷ್ಟು ಮಳೆಗಾಲಗಳಿಗೆ ಬರೆಹದಲ್ಲಿ ಹೊಣೆ ಹೊರುತ್ತಾರೆ ಎಂದು ಕೇಳತಕ್ಕದ್ದು.