ಹಠವಲ್ಲ, ಅದು ರೋಗ



ಈಗಷ್ಟೇ ಊಟ ಮುಗಿಸಿದ ಅಜ್ಜಿ, 'ನನಗೆ ಯಾರೂ ಊಟ ಕೊಡಲಿಲ್ಲ' ಎನ್ನುತ್ತಾರೆ. ಅದೇ ಅಜ್ಜಿ 50 ವರ್ಷಗಳ ಹಿಂದಿನ ತಮ್ಮ ಮದುವೆಯ ಸಂಗತಿಗಳನ್ನು ಚಾಚೂ ತಪ್ಪದೆ ಹೇಳುತ್ತಾರೆ. 'ಹಳೆಯದೆಲ್ಲ ನೆನಪಿದೆ, ಇದು ಮಾತ್ರ ಮರೆತುಹೋಯಿತೇ? ಬೇಕೆಂದೇ ಮಾಡುತ್ತಾರೆ' ಎಂದು ನಾವು ಸಿಡಿಮಿಡಿಗೊಳ್ಳುತ್ತೇವೆ. ಹಾಗೆ ತೀರ್ಪು ಕೊಡುವ ಮುನ್ನ ಅವರ ಮೆದುಳಿನೊಳಗೆ ಏನು ನಡೆಯುತ್ತಿರಬಹುದೆಂದು ಸ್ವಲ್ಪ ತಿಳಿದುಕೊಳ್ಳೋಣ.

1901ರ ನವೆಂಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ 51 ವರ್ಷದ ಆಗುಸ್ಟೆ ಡೆಟರ್ ಎಂಬ ಮಹಿಳೆಯನ್ನು ಸೇರಿಸಲಾಯಿತು. ಡಾ. ಅಲೋಯಿಸ್ ಆಲ್ಝೈಮರ್ ಆಕೆಯ ಗಂಡನ ಹೆಸರು ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳಿದರು. ಹೂಕೋಸು, ಹಂದಿಮಾಂಸ ತಿನ್ನುತ್ತಿದ್ದಾಗ ಏನು ತಿನ್ನುತ್ತಿದ್ದೀರಿ ಎಂದು ಕೇಳಿದರೆ ಪಾಲಕ್ ಸೊಪ್ಪು ಎಂದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ವೈದ್ಯರು ಮೆದುಳನ್ನು ಪರೀಕ್ಷಿಸಿದರು. ಅದು ಕುಗ್ಗಿತ್ತು. ಸೂಕ್ಷ್ಮದರ್ಶಕದಲ್ಲಿ ನರಕೋಶಗಳ ನಡುವೆ ಗಂಟುಗಂಟಾದ ಶೇಖರಣೆ, ಕೋಶಗಳ ಒಳಗೆ ಸಿಕ್ಕುಸಿಕ್ಕಾದ ಎಳೆಗಳು ಕಂಡವು. 1910ರಲ್ಲಿ ಈ ರೋಗಕ್ಕೆ ಅವರ ಹೆಸರನ್ನೇ ಇಡಲಾಯಿತು.

ಹೊರಗಿನ ಆ ಶೇಖರಣೆ ಅಮೈಲಾಯ್ಡ್ ಎಂಬ ಪ್ರೋಟೀನಿನದು; ಒಳಗಿನ ಸಿಕ್ಕು ಟೌ ಎಂಬ ಪ್ರೋಟೀನಿನದು. ಕೋಶದೊಳಗೆ ಸಾಮಗ್ರಿ ಸಾಗುವ ಹಳಿಗಳನ್ನು ಭದ್ರವಾಗಿಡುವುದು ಟೌನ ಕೆಲಸ. ಅದು ಕೆಟ್ಟರೆ ಸಾಗಾಟ ನಿಲ್ಲುತ್ತದೆ, ಕೋಶಗಳ ನಡುವಣ ಸಂಪರ್ಕ ಕಡಿಯುತ್ತದೆ, ಕೊನೆಗೆ ಕೋಶವೇ ಸಾಯುತ್ತದೆ. ಮರೆವು ನಮ್ಮ ಕಣ್ಣಿಗೆ ಬೀಳುವುದಕ್ಕೆ 15-20 ವರ್ಷ ಮೊದಲೇ ಈ ಬದಲಾವಣೆಗಳು ಆರಂಭವಾಗಿರುತ್ತವೆ.

ಹಾನಿ ಸಾಮಾನ್ಯವಾಗಿ ಮೊದಲು ತಟ್ಟುವುದು ಹಿಪ್ಪೊಕ್ಯಾಂಪಸ್ ಮತ್ತು ಅದರ ನೆರೆಯ ಭಾಗಕ್ಕೆ. ಇಂದು ನಡೆದುದನ್ನು ನೆನಪಾಗಿ ದಾಖಲಿಸುವುದು ಈ ಭಾಗವೇ. ನಮ್ಮ ಧರ್ಮಕೇಂದ್ರದ ದಾಖಲೆ ಪುಸ್ತಕಗಳನ್ನು ನೆನೆಯಿರಿ: ಹಳೆಯ ಪುಸ್ತಕಗಳು ಕಪಾಟಿನಲ್ಲಿ ಭದ್ರವಾಗಿವೆ, ಆದರೆ ಇಂದಿನದನ್ನು ಬರೆಯುವ ಲೇಖನಿಯ ಶಾಯಿ ಮುಗಿದಿದೆ. ಅಜ್ಜಿ ಸುಳ್ಳು ಹೇಳುತ್ತಿಲ್ಲ. ಆ ಊಟ ಅವರ ಪುಸ್ತಕದಲ್ಲಿ ದಾಖಲಾಗಿಯೇ ಇಲ್ಲ.

ಮುಂದೆ ಹಾನಿ ಮಾತು, ವಿವೇಚನೆ, ದಾರಿ ಗುರುತಿಸುವ ಭಾಗಗಳಿಗೆ ಹರಡುತ್ತದೆ. ಪದಗಳು ಸಿಗುವುದಿಲ್ಲ, ಪರಿಚಿತ ಬೀದಿಯೇ ಅಪರಿಚಿತವಾಗುತ್ತದೆ, ಇಟ್ಟ ಹಣ ಸಿಗದಾಗ 'ಸೊಸೆ ಕದ್ದಳು' ಎಂಬ ಮಾತೂ ಬರಬಹುದು. ಆಗ ಕಪಾಟಿನ ಹಳೆಯ ಪುಸ್ತಕಗಳಿಗೂ ಗೆದ್ದಲು ಹಿಡಿಯುತ್ತದೆ. ಮಕ್ಕಳ ಗುರುತೂ ಸಿಗದು. ಕೊನೆಯ ಹಂತದಲ್ಲಿ ನಡೆಯುವುದು, ಆಹಾರ ನುಂಗುವುದು ಕೂಡ ಕಷ್ಟ. ಈ ಪಯಣ ಹಲವು ವರ್ಷಗಳದು, ಎಲ್ಲರಲ್ಲೂ ಒಂದೇ ವೇಗದ್ದಲ್ಲ.

ಎಲ್ಲ ಮರೆವೂ ಆಲ್ಝೈಮರ್ಸ್ ಅಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳಿಂದಲೂ ಮರೆವು ಬರುತ್ತದೆ, ಇವುಗಳಿಗೆ ಚಿಕಿತ್ಸೆಯಿದೆ. ಆದ್ದರಿಂದ 'ವಯಸ್ಸಾಯಿತು ಬಿಡಿ' ಎನ್ನದೆ ವೈದ್ಯರ ಬಳಿ ಕರೆದೊಯ್ಯೋಣ. ಡೊನೆಪೆಜಿಲ್‌ನಂತಹ ಮಾತ್ರೆಗಳು ಕೆಲವರ ಲಕ್ಷಣಗಳನ್ನು ಸ್ವಲ್ಪ ಹಗುರಗೊಳಿಸುತ್ತವೆ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್ ಅಮೈಲಾಯ್ಡನ್ನು ತೆಗೆದು, ಆರಂಭದ ಹಂತದಲ್ಲಿರುವವರಲ್ಲಿ ರೋಗದ ವೇಗವನ್ನು ಕೊಂಚ ತಗ್ಗಿಸುತ್ತದೆ. ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ವಾದ ಬೇಡ. 'ಆಗಲೇ ಹೇಳಿದೆನಲ್ಲ' ಎಂಬ ಮಾತು ಬೇಡ. ನಮ್ಮ ಹೆಸರನ್ನು ನಾವೇ ಹೇಳಿಕೊಂಡು ಮಾತು ಆರಂಭಿಸೋಣ. ಬಾಲ್ಯದಲ್ಲಿ ಕಲಿತ ಹಾಡು, ಜಪಸರದ ಪ್ರಾರ್ಥನೆ ಎಷ್ಟೋ ಜನರಲ್ಲಿ ಬಹುಕಾಲ ಉಳಿಯುತ್ತವೆ. ಅವರೊಡನೆ ಕುಳಿತು ದನಿಗೂಡಿಸೋಣ. ಹಗಲಿರುಳು ಆರೈಕೆ ಮಾಡುವ ಆ ಮಗಳಿಗೆ, ಸೊಸೆಗೆ ವಾರಕ್ಕೊಂದು ದಿನವಾದರೂ ಬಿಡುವು ಕೊಡೋಣ. ನಾವು ಬಂದುಹೋದದ್ದನ್ನು ಹಿರಿಯರು ಮರೆಯಬಹುದು. ನಮ್ಮ ಅಕ್ಕರೆಯಿಂದ ಅವರ ಮನಸ್ಸಿಗಾದ ನೆಮ್ಮದಿ, ಆ ಭೇಟಿ ಮರೆತ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ.