ರಣರಂಗದಿಂದ ತರಗತಿಗೆ: ಜಿಐ ಬಿಲ್ ಹುಟ್ಟಿದ ಕಥೆ

1944ರ ಜೂನ್ 9ರ ರಾತ್ರಿ. ಹುಷಾರಿಲ್ಲದೆ ಜಾರ್ಜಿಯಾದ ತಮ್ಮ ಊರಿಗೆ ಹೋಗಿದ್ದ ಅಮೆರಿಕದ ಸಂಸದ ಜಾನ್ ಗಿಬ್ಸನ್ ಅವರಿಗಾಗಿ ಹುಡುಕಾಟ ನಡೆದಿತ್ತು. ವಾಷಿಂಗ್ಟನ್ನಿನಲ್ಲಿ ಯೋಧರ ಮಸೂದೆಯೊಂದು ಜಂಟಿ ಸಮಿತಿಯ ಜಗಳಕ್ಕೆ ಸಿಕ್ಕಿ ನಿಂತುಬಿಟ್ಟಿತ್ತು. ಗಿಬ್ಸನ್ ಮತ ಬೀಳದಿದ್ದರೆ ಅದರ ಕಥೆ ಮುಗಿದಂತೆ. ಪತ್ತೆಯಾದ ಕೂಡಲೇ ಅವರನ್ನು ಮಳೆಯಲ್ಲೇ ಕಾರಿನಲ್ಲಿ ಜಾಕ್ಸನ್‌ವಿಲ್‌ಗೆ ಒಯ್ದು ವಿಮಾನ ಹತ್ತಿಸಿದರು. ಬೆಳಗಾಗುತ್ತಲೇ ಗಿಬ್ಸನ್ ಮತ ಹಾಕಿದರು. ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಮಾಡಿದರು. ಯುದ್ಧ ಮುಗಿಸಿ ಮರಳುವ ಯೋಧರ ಓದಿಗೆ ನೆರವಾಗುವ ಈ ಕಾನೂನೇ ಜಿಐ ಬಿಲ್; ಜಿಐ ಎಂದರೆ ಅಮೆರಿಕದ ಸಾಮಾನ್ಯ ಸೈನಿಕ.

ಈ ಧಾವಂತದ ಹಿಂದೆ ಹಳೆಯ ಗಾಯವೊಂದಿತ್ತು. ಮೊದಲ ಮಹಾಯುದ್ಧದ ಯೋಧರಿಗೆ 1924ರಲ್ಲಿ ಬೋನಸ್ ಘೋಷಣೆಯಾಯಿತು. ಹಣ ಕೈಸೇರಬೇಕಾದದ್ದು ಮಾತ್ರ 1945ಕ್ಕೆ. ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಸಾವಿರಾರು ಮಾಜಿ ಸೈನಿಕರು 1932ರಲ್ಲಿ ಹೆಂಡತಿ ಮಕ್ಕಳೊಂದಿಗೆ ರಾಜಧಾನಿಗೆ ಬಂದು ಗುಡಿಸಲು ಹಾಕಿ ಕುಳಿತರು. ಅವರನ್ನು ಚದುರಿಸಲು ಬಂದದ್ದು ಅವರದೇ ಸೇನೆ. ಅಶ್ರುವಾಯು ಸಿಡಿಯಿತು, ಗುಡಿಸಲುಗಳು ಸುಟ್ಟುಹೋದವು.

ಇನ್ನೊಮ್ಮೆ ಹಾಗಾಗಬಾರದೆಂದು ಅಮೆರಿಕನ್ ಲೀಜನ್ ಸಂಘಟನೆ ಪಣ ತೊಟ್ಟಿತು. ಅದರ ಮಾಜಿ ಮುಖ್ಯಸ್ಥ, ವಕೀಲ ಹ್ಯಾರಿ ಕೋಲ್ಮರಿ ವಾಷಿಂಗ್ಟನ್ನಿನ ಮೇಫ್ಲವರ್ ಹೋಟೆಲಿನಲ್ಲಿ ಕುಳಿತು, ಹೋಟೆಲಿನ ಕಾಗದದ ಮೇಲೇ ಕರಡನ್ನು ಕೈಯಾರೆ ಬರೆದರು. ವರ್ಷಕ್ಕೆ 500 ಡಾಲರ್‌ವರೆಗೆ ಶುಲ್ಕ, ಒಂಟಿಯಾಗಿದ್ದವರಿಗೆ ತಿಂಗಳಿಗೆ 50 ಡಾಲರ್ ಜೀವನ ಭತ್ಯೆ ಕಾನೂನಾಯಿತು. ಕಾಲೇಜಿನ ಮಟ್ಟ ಕುಸಿದೀತು ಎಂದು ಷಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಹಚಿನ್ಸ್, ಹಾರ್ವರ್ಡ್‌ನ ಜೇಮ್ಸ್ ಕೊನಾಂಟ್ ಅವರಂಥ ಘಟಾನುಘಟಿಗಳೇ ಆತಂಕಪಟ್ಟರು. ಆದದ್ದೇ ಬೇರೆ. ಯೋಧರು ಮನಸ್ಸಿಟ್ಟು ಓದಿದರು. ಕ್ಯಾಂಪಸ್ಸುಗಳಲ್ಲಿ ಸೇನೆಯ ಹಳೆಯ ತಗಡಿನ ಶೆಡ್ಡುಗಳು, ಟ್ರೇಲರುಗಳು ಸಾಲುಗಟ್ಟಿದವು. ಮಗುವಿನ ತೊಟ್ಟಿಲ ಪಕ್ಕದಲ್ಲೇ ಪರೀಕ್ಷೆಯ ತಯಾರಿ ನಡೆಯಿತು. 1947ರಲ್ಲಿ ಕಾಲೇಜು ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮಾಜಿ ಸೈನಿಕರು. ಸುಮಾರು 78 ಲಕ್ಷ ಜನ ಶಿಕ್ಷಣ ಅಥವಾ ತರಬೇತಿ ಪಡೆದರು. ಅದರಲ್ಲಿ 22 ಲಕ್ಷ ಮಂದಿ ಕಾಲೇಜು ಮೆಟ್ಟಿಲು ಹತ್ತಿದರು.

ಆದರೆ ಎಲ್ಲರಿಗೂ ಆ ಮೆಟ್ಟಿಲು ಸಿಗಲಿಲ್ಲ. ಕಾನೂನಿನಲ್ಲಿ ಬಣ್ಣದ ಮಾತಿರಲಿಲ್ಲ. ಜಾರಿ ಮಾತ್ರ ಸ್ಥಳೀಯರ ಕೈಯಲ್ಲಿತ್ತು. ದಕ್ಷಿಣದ ವಿಶ್ವವಿದ್ಯಾಲಯಗಳು ಕಪ್ಪು ಯೋಧರಿಗೆ ಬಾಗಿಲು ಮುಚ್ಚಿದವು. ಅವರಿಗೆಂದೇ ಇದ್ದ ಕಾಲೇಜುಗಳು ಜಾಗವಿಲ್ಲದೆ ಸಾವಿರಾರು ಮಂದಿಯನ್ನು ವಾಪಸು ಕಳಿಸಿದವು. ಒಂದೇ ಯುದ್ಧದಲ್ಲಿ ಹೋರಾಡಿದವರಿಗೆ ಹೀಗೆ ಪಂಕ್ತಿಭೇದವಾದದ್ದು ಈ ಕಥೆಯ ಅತ್ಯಂತ ನೋವಿನ ಭಾಗ.

ಮುಂದೆ ಯುದ್ಧಗಳು ಬದಲಾದಂತೆ ಕಾನೂನೂ ಬದಲಾಯಿತು. 1984ರ ಮಾಂಟ್ಗೊಮರಿ ಜಿಐ ಬಿಲ್, ಮೊದಲ ವರ್ಷ ಸೈನಿಕನ ಸಂಬಳದಿಂದ ತಿಂಗಳಿಗೆ 100 ಡಾಲರ್ ಹಿಡಿದುಕೊಂಡಿತು. ವಿಯೆಟ್ನಾಂನಲ್ಲಿ ಹೋರಾಡಿದ್ದ ಸೆನೆಟರ್ ಜಿಮ್ ವೆಬ್ ಅವರ ಪ್ರಯತ್ನದಿಂದ 2008ರಲ್ಲಿ ಬಂದ ಹೊಸ ಕಾನೂನು ಆ ಕಡಿತವಿಲ್ಲದೆಯೇ 36 ತಿಂಗಳ ಶುಲ್ಕ, ಮನೆ ಬಾಡಿಗೆ, ಪುಸ್ತಕದ ಹಣ ಕೊಟ್ಟಿತು. ನಿಗದಿತ ಸೇವೆಯ ಷರತ್ತಿನ ಮೇಲೆ ಸವಲತ್ತನ್ನು ಬಾಳಸಂಗಾತಿಗೂ ಮಕ್ಕಳಿಗೂ ವರ್ಗಾಯಿಸಬಹುದಾಯಿತು. 2013ರ ಜನವರಿ 1ರಂದು ಅಥವಾ ಆನಂತರ ಸೇವೆ ಬಿಟ್ಟವರಿಗೆ 15 ವರ್ಷದೊಳಗೆ ಓದಬೇಕೆಂಬ ಗಡುವನ್ನು 2017ರ ತಿದ್ದುಪಡಿ ತೆಗೆದುಹಾಕಿತು.

ಈ ಹಣಕ್ಕಾಗಿಯೇ ಯೋಧರಿಗೆ ಗಾಳ ಹಾಕಿದ ಲಾಭಕೋರ ಕಾಲೇಜುಗಳೂ ಬಂದವು. ಅವುಗಳಿಗೆ ಅನುಕೂಲವಾಗಿದ್ದ ನಿಯಮವೊಂದನ್ನು ಸಂಸತ್ತು 2021ರಲ್ಲಿ ಬಿಗಿಗೊಳಿಸಬೇಕಾಯಿತು. ಯೋಧನಿಗೆ ಓದು ಕೊಡುವುದು ದಾನವಲ್ಲ, ದೇಶ ತೀರಿಸಬೇಕಾದ ಋಣ. ಕಾನೂನು ಬರೆದರೆ ಆ ಋಣ ತೀರುವುದಿಲ್ಲ; ಹಕ್ಕು ಕಟ್ಟಕಡೆಯ ಯೋಧನಿಗೂ ಸಿಕ್ಕಿತೇ ಎಂದು ಪ್ರತಿ ತಲೆಮಾರೂ ನೋಡಿಕೊಳ್ಳಲೇಬೇಕು.